ಪೋಲಿ ನಗೆಯ ಬೆಲೆ: ಹರೆಯದ ಹಾಸ್ಯಚಿತ್ರಗಳು ಮತ್ತು ಒಡೆದ ಮನಸ್ಸು



ಈ ದತ್ತಿ ಉಪನ್ಯಾಸದಲ್ಲಿ ಸಿನಿಮಾ ಕುರಿತು ಮಾತಾಡಬೇಕು ಎಂದು ಸಂಘಟಕರು ಕೇಳಿಕೊಂಡಾಗ ಅವರ ಮನಸ್ಸಿನಲ್ಲಿ ಸತ್ಯಜಿತ್ ರಾಯ್ ಅವರೋ ಗಿರೀಶ ಕಾಸರವಳ್ಳಿಯವರೋ ಇದ್ದಿರಬೇಕು. ನಾನು ಆರಿಸಿಕೊಂಡದ್ದು ಪೋಲಿ ಸಿನಿಮಾಗಳನ್ನು. ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರು ದಯವಿಟ್ಟು ಎದ್ದು ಹೋಗಬಾರದು; ನಾನು ಹೇಳಹೊರಟಿರುವುದು ಕೊನೆಗೆ ಬಂದು ನಿಲ್ಲುವುದು ನೀತಿಯ ಹತ್ತಿರವೇ.

ಇವು ಎಂಥ ಚಿತ್ರಗಳು ಎಂದು ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲು ಮುಗಿಸುವ ಹೊಸ್ತಿಲಲ್ಲಿರುವ ಮೂರು ನಾಲ್ಕು ಹುಡುಗರು. ಇಪ್ಪತ್ತನಾಲ್ಕು ಗಂಟೆಯೂ ಹುಡುಗಿಯರದೇ ಧ್ಯಾನ. ಬಾಯಿ ತೆಗೆದರೆ ದ್ವಂದ್ವಾರ್ಥ, ಕೈ ಹಾಕಿದ್ದೆಲ್ಲ ಎಡವಟ್ಟು. ಮುಕ್ಕಾಲು ಚಿತ್ರದವರೆಗೆ ಹೊಟ್ಟೆ ಹುಣ್ಣಾಗುವಷ್ಟು ನಗಿಸಿ, ಉಳಿದ ಕಾಲು ಭಾಗದಲ್ಲಿ ಗಂಟಲು ಕಟ್ಟುವಂತೆ ಮಾಡುತ್ತವೆ. ಹಿರಿಯರಿಗೆ ಇವುಗಳ ಹೆಸರೆತ್ತಿದರೆ ಮುಜುಗರ. ಇವುಗಳ ಬಗ್ಗೆ ಗಂಭೀರವಾಗಿ ಬರೆದ ವಿಮರ್ಶಕರೂ ಕಡಿಮೆ. ಆದರೆ ಐವತ್ತು ವರ್ಷಗಳಿಂದ ಇವು ನಿಂತಿಲ್ಲ.

ನನ್ನ ವಾದ ಇಷ್ಟು: ಈ ಚಿತ್ರಗಳಲ್ಲಿ ಪೋಲಿತನವೂ ದುಃಖವೂ ಒಂದೇ ಬೇರಿನಿಂದ ಹುಟ್ಟುತ್ತವೆ. ಅಲ್ಲಿಯ ಪ್ರತಿಯೊಂದು ನಗೆಗೂ ಬೆಲೆಯಿದೆ. ಆ ಬೆಲೆಯನ್ನು ಕಥೆಯೊಳಗೆ ತೆತ್ತವರು ಯಾರು ಎಂದು ಕೇಳಿದರೆ ಚಿತ್ರದ ಯೋಗ್ಯತೆ ತಿಳಿಯುತ್ತದೆ.

1. ಒಂದೇ ಕಡೆಯ ಪ್ರೇಮ

ನಮ್ಮ ಕಾವ್ಯಮೀಮಾಂಸೆಗೆ ಈ ನಂಟು ಹೊಸದಲ್ಲ. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ ಎಂದು ಭರತ ನಾಟ್ಯಶಾಸ್ತ್ರದಲ್ಲಿ ಹೇಳುತ್ತಾನೆ. ಅಭಿನವಗುಪ್ತ ಅದನ್ನು ಇನ್ನಷ್ಟು ಬಿಡಿಸುತ್ತಾನೆ. ರಾವಣನಿಗೆ ಸೀತೆಯ ಮೇಲಿದ್ದದ್ದು ಶೃಂಗಾರವಲ್ಲ, ಶೃಂಗಾರದ ಆಭಾಸ. ಒಂದೇ ಕಡೆಯಿಂದ ಹುಟ್ಟಿದ ರತಿ. ಅನುಭವಿಸುವವನಿಗೆ ಅದು ನಿಜ, ಹೊರಗೆ ನಿಂತು ನೋಡುವವನಿಗೆ ನಗೆ.

ಹದಿನಾರು ಹದಿನೇಳರ ಹುಡುಗನ ಪ್ರೇಮ ಬಹುಪಾಲು ಈ ಜಾತಿಯದೇ. ಅವನು ಆಗಲೇ ಮನಸ್ಸಿನಲ್ಲಿ ಮದುವೆ ಮುಗಿಸಿರುತ್ತಾನೆ, ಅವಳಿಗೆ ಅವನ ಹೆಸರೂ ನೆನಪಿರುವುದಿಲ್ಲ. ಹಾಗಾಗಿ ಅವನನ್ನು ನೋಡಿ ನಗುವುದು ಸಹಜ. ಈ ಚಿತ್ರಗಳು ಮಾಡಿದ ಕೆಲಸವೇನೆಂದರೆ, ಶಾಸ್ತ್ರ ನಗೆಯ ಖಾತೆಗೆ ಬರೆದಿಟ್ಟ ಆ ಒಂದು ಕಡೆಯ ಪ್ರೇಮವನ್ನೇ ತೆಗೆದುಕೊಂಡು, ಅದರಲ್ಲಿ ಕರುಣವನ್ನು ಹುಡುಕಿದ್ದು. ಹುಡುಗ ಅವನೇ, ಹುಚ್ಚೂ ಅದೇ. ನೋಡುವವರು ಮಾತ್ರ ಹೊರಗಿನಿಂದ ಒಳಗೆ ಬಂದುಬಿಟ್ಟಿರುತ್ತಾರೆ.

2. ಹಾದಿ ಹಾಕಿಕೊಟ್ಟವರು

1973ರಲ್ಲಿ ಜಾರ್ಜ್ ಲೂಕಾಸ್ 'ಅಮೆರಿಕನ್ ಗ್ರಫೀಟಿ' ಮಾಡಿದರು. ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಿನಲ್ಲಿ 1962ರ ಒಂದು ರಾತ್ರಿ ನಡೆಯುವ ಕಥೆ ಅದು. ಹುಡುಗರು ಕಾರುಗಳಲ್ಲಿ ಬೀದಿ ಸುತ್ತುತ್ತಾರೆ, ರೇಡಿಯೊದಲ್ಲಿ ಹಳೆಯ ರಾಕ್ ಅಂಡ್ ರೋಲ್ ಹಾಡುಗಳು ಒಂದರ ಹಿಂದೊಂದು ಬರುತ್ತವೆ. ಎಂಟು ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನ ಚಿತ್ರ ಹತ್ತು ಕೋಟಿ ಡಾಲರಿಗೂ ಮೇಲೆ ಗಳಿಸಿತು. ಕೊನೆಯಲ್ಲಿ ಪರದೆಯ ಮೇಲೆ ನಾಲ್ವರು ಹುಡುಗರ ಮುಂದಿನ ಬದುಕು ಅಕ್ಷರಗಳಲ್ಲಿ ಮೂಡುತ್ತದೆ. ಕುಡಿದು ಕಾರು ಓಡಿಸುತ್ತಿದ್ದವನಿಗೆ ಸಿಕ್ಕು ಒಬ್ಬ ಸತ್ತ, ಒಬ್ಬ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ, ಒಬ್ಬ ವಿಮಾ ಏಜೆಂಟನಾದ, ಒಬ್ಬ ಬರಹಗಾರನಾಗಿ ಕೆನಡಾ ಸೇರಿದ. ಅಲ್ಲಿಯತನಕ ನಕ್ಕದ್ದೆಲ್ಲ ಆ ನಾಲ್ಕು ಸಾಲುಗಳಲ್ಲಿ ತಣ್ಣಗಾಗುತ್ತದೆ. ಆ ರಾತ್ರಿಯಿಡೀ ಜೊತೆಗಿದ್ದ ಹುಡುಗಿಯರು ಏನಾದರು? ಪರದೆಯಲ್ಲಿ ಒಂದು ಸಾಲೂ ಇಲ್ಲ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಒಂಬತ್ತು ವರ್ಷಗಳ ಅನಂತರದ ಇನ್ನೊಂದು ಚಿತ್ರಕ್ಕೆ ಇದು ಬೇಕಾಗುತ್ತದೆ.

ಗಲ್ಲಾಪೆಟ್ಟಿಗೆಗೆ ಪಾಠ ಸಿಕ್ಕಿತು: ದೊಡ್ಡ ತಾರೆಯರು ಬೇಡ, ದೊಡ್ಡ ಸೆಟ್ಟು ಬೇಡ, ಹೊಸ ಮುಖಗಳು ಮತ್ತು ಕೇಳಿ ಗೊತ್ತಿರುವ ಹಾಡುಗಳು ಸಾಕು. 1982ರಲ್ಲಿ ಬಂದ ಕೆನಡಾದ 'ಪೋರ್ಕೀಸ್' ಇದಕ್ಕೆ ಪೋಲಿತನವನ್ನು ಧಾರಾಳವಾಗಿ ಬೆರೆಸಿತು. 1954ರ ಫ್ಲಾರಿಡಾದ ಕಥೆ, ಬಾಬ್ ಕ್ಲಾರ್ಕ್ ನಿರ್ದೇಶನ. ಹುಡುಗಿಯರ ಸ್ನಾನದ ಕೋಣೆಯ ಗೋಡೆಯ ತೂತಿನಿಂದ ಇಣುಕುವ ಕಣ್ಣೇ ಅದರ ಜಾಹೀರಾತು. ಅದೂ ಹತ್ತು ಕೋಟಿ ಡಾಲರು ದಾಟಿತು. ಇಂಥ ಚಿತ್ರಗಳಿಗೆ ಅಮೆರಿಕದಲ್ಲಿ 'ಆರ್' ದರ್ಜೆ. ಹದಿನೇಳು ತುಂಬದವರು ಹಿರಿಯರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ಯಾರ ಕಥೆಯೋ ಅವರೇ ಅಮ್ಮನ ಪಕ್ಕದಲ್ಲಿ ಕೂತು ನೋಡಬೇಕಾದ ಪಾಡು.

3. ಟೆಲ್ ಅವೀವಿನ ಲಿಂಬೆ ಐಸ್‌ಕ್ಯಾಂಡಿ

ಆದರೆ ನಗೆ ಮತ್ತು ಎದೆಯ ನೋವು ಎರಡನ್ನೂ ಅಳತೆ ಮೀರಿ ಬೆರೆಸಿದ ಚಿತ್ರ ಹುಟ್ಟಿದ್ದು ಹಾಲಿವುಡ್ಡಿನಲ್ಲಲ್ಲ, ಇಸ್ರೇಲಿನಲ್ಲಿ. 1978ರ 'ಎಸ್ಕಿಮೊ ಲಿಮೋನ್', ಅಂದರೆ ಲಿಂಬೆ ಐಸ್‌ಕ್ಯಾಂಡಿ. ನಿರ್ದೇಶಕ ಬೋಆಜ್ ಡೇವಿಡ್‌ಸನ್, ನಿರ್ಮಾಪಕರು ಸೋದರ ಸಂಬಂಧಿಗಳಾದ ಮೆನಾಹೆಮ್ ಗೋಲನ್ ಮತ್ತು ಯೋರಮ್ ಗ್ಲೋಬಸ್. ಡೇವಿಡ್‌ಸನ್ ಹುಟ್ಟಿ ಬೆಳೆದದ್ದು ಟೆಲ್ ಅವೀವಿನಲ್ಲಿ. ತಮ್ಮ ಹರೆಯದ ಐವತ್ತರ ದಶಕವನ್ನೇ ಚಿತ್ರಕ್ಕೆ ತಂದರು. ಅದಕ್ಕೆ ಮೊದಲು ಅವರು 1974ರಲ್ಲಿ 'ಚಾರ್ಲಿ ಮತ್ತು ಅರ್ಧ' ಎಂಬ ಜನಪ್ರಿಯ ಹಾಸ್ಯಚಿತ್ರ ಮಾಡಿದ್ದರು. ನಗಿಸುವ ಕಸುಬು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೂವರು ಗೆಳೆಯರು. ಬೆಂಜಿ ನಾಚಿಕೆಯವನು, ಮೋಮೊ ಚೆಲುವ, ಯುಡಲೆ ಡುಮ್ಮ. ಬೆಂಜಿ ಮರುಳಾದ ಹುಡುಗಿ ನೀಲಿ, ನೀಲಿ ಒಲಿದದ್ದು ಮೋಮೊನಿಗೆ. ಮೋಮೊ ಅವಳನ್ನು ಬಸಿರು ಮಾಡಿ ಕೈಬಿಡುತ್ತಾನೆ. ಗರ್ಭಪಾತಕ್ಕೆ ದುಡ್ಡು ಹೊಂದಿಸುವುದು, ಅವಳನ್ನು ನೋಡಿಕೊಳ್ಳುವುದು ಬೆಂಜಿಯ ಪಾಲು. ಕೊನೆಗೆ ಉಡುಗೊರೆ ಹಿಡಿದು ಅವಳ ಹುಟ್ಟುಹಬ್ಬಕ್ಕೆ ಹೋದರೆ, ಅವಳು ಮತ್ತೆ ಮೋಮೊನ ತೋಳಿನಲ್ಲಿದ್ದಾಳೆ.

ಈ ಚಿತ್ರಕ್ಕೆ ಇಸ್ರೇಲಿನಲ್ಲಿ 13 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು. ಆಗ ಆ ದೇಶದ ಜನಸಂಖ್ಯೆಯೇ 40 ಲಕ್ಷ ಮುಟ್ಟಿರಲಿಲ್ಲ. ಚಿತ್ರ ಬರ್ಲಿನ್ ಉತ್ಸವದ ಸ್ಪರ್ಧೆಯಲ್ಲಿತ್ತು; ವಿದೇಶಿ ಭಾಷೆಯ ಚಿತ್ರಗಳ ವಿಭಾಗದಲ್ಲಿ ಗೋಲ್ಡನ್ ಗ್ಲೋಬ್‌ಗೂ ನಾಮನಿರ್ದೇಶನಗೊಂಡಿತು. ಪಶ್ಚಿಮ ಜರ್ಮನಿಯಲ್ಲಂತೂ ಮನೆಮಾತಾಯಿತು.

ಇಷ್ಟು ಜನ ಯಾಕೆ ಬಂದರು? ಪೋಲಿತನ ಒಂದು ಕಾರಣ, ಅದನ್ನು ಮುಚ್ಚಿಡಬೇಕಾಗಿಲ್ಲ. ಇನ್ನೊಂದು ಕಾರಣ ಕಾಲದ್ದು. ನೆರೆಯ ದೇಶಗಳೊಡನೆ ನಡೆದ 1973ರ ಯುದ್ಧದ ಗಾಯ ಇನ್ನೂ ಹಸಿಯಾಗಿತ್ತು. 1977ರಲ್ಲಿ ದೇಶ ಕಟ್ಟಿದ ಪಕ್ಷವೇ ಮೊದಲ ಸಲ ಅಧಿಕಾರ ಕಳೆದುಕೊಂಡಿತ್ತು. ಅಂಥ ಹೊತ್ತಿನಲ್ಲಿ ಪರದೆಯ ಮೇಲೆ ಅಮೆರಿಕದ ಹಾಡು, ಸಮುದ್ರದಂಡೆ, ಸೈಕಲ್ಲು, ಐಸ್‌ಕ್ಯಾಂಡಿ. ಯುದ್ಧದ ಮಾತೇ ಇಲ್ಲ. ಆದರೆ ಆ ಮೂವರು ಹುಡುಗರು ಶಾಲೆ ಮುಗಿಸಿದ ಕೂಡಲೇ ಸೇನೆಗೆ ಹೋಗಲೇಬೇಕು ಎಂಬುದು ಇಸ್ರೇಲಿನ ಪ್ರತಿ ಪ್ರೇಕ್ಷಕನಿಗೂ ಗೊತ್ತು. ಪೋಲಿ ನಗೆಯ ಆಯಸ್ಸು ಎಷ್ಟು ಎಂದು ತಿಳಿದೇ ಅವರು ನಕ್ಕರು.

ಆಮೇಲೆ ನಡೆದದ್ದು ವ್ಯಾಪಾರ. ಹತ್ತು ವರ್ಷಗಳಲ್ಲಿ ಒಟ್ಟು ಎಂಟು ಚಿತ್ರಗಳು ಬಂದವು. ಹುಡುಗರು ಸೇನೆ ಸೇರಿದ್ದೂ ಒಂದು ಪ್ರಹಸನವಾಯಿತು. ನಟರ ವಯಸ್ಸು ಏರಿತು, ಪಾತ್ರಗಳು ಬೆಳೆಯಲಿಲ್ಲ. ಮೊದಲ ಚಿತ್ರದ ಕೊನೆಯ ನೋವು ಎರಡನೆಯದರಿಂದಾಚೆಗೆ ತೆಳುವಾಗುತ್ತ ಹೋಯಿತು. ಉಳಿದದ್ದು ಇಣುಕುವ ಕಣ್ಣು ಮಾತ್ರ. ನೋವನ್ನು ತೆಗೆದಿಟ್ಟರೆ ಇಂಥ ಚಿತ್ರ ಏನಾಗುತ್ತದೆ ಎಂಬುದಕ್ಕೆ ಆ ಸರಣಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

4. ಬಾಗಿಲ ಬಳಿ ನಿಂತ ಗ್ಯಾರಿ

ಗೋಲನ್ ಮತ್ತು ಗ್ಲೋಬಸ್ 1979ರಲ್ಲಿ ಅಮೆರಿಕದ ಕ್ಯಾನನ್ ಚಿತ್ರನಿರ್ಮಾಣ ಕಂಪನಿಯನ್ನು ಕೊಂಡರು. ಡೇವಿಡ್‌ಸನ್ ತಮ್ಮ ಕಥೆಯನ್ನೇ ಲಾಸ್ ಏಂಜಲಿಸ್‌ಗೆ ಒಯ್ದು, ಎಂಬತ್ತರ ದಶಕದ ಬಟ್ಟೆ ತೊಡಿಸಿ, 1982ರ ಜುಲೈ ಕೊನೆಯಲ್ಲಿ 'ದಿ ಲಾಸ್ಟ್ ಅಮೆರಿಕನ್ ವರ್ಜಿನ್' ಎಂದು ಬಿಡುಗಡೆ ಮಾಡಿದರು. ಎರಡೂ ಚಿತ್ರಗಳ ಛಾಯಾಗ್ರಾಹಕ ಅಡಮ್ ಗ್ರೀನ್‌ಬರ್ಗ್. ಎರಡು ವರ್ಷಗಳ ಅನಂತರ 'ಟರ್ಮಿನೇಟರ್' ಚಿತ್ರೀಕರಿಸಿದವರು ಇವರೇ.

ಬೆಂಜಿ ಇಲ್ಲಿ ಗ್ಯಾರಿ. ಮನೆಮನೆಗೆ ಪಿಜ್ಜಾ ಮುಟ್ಟಿಸುವ ಹುಡುಗ. ನೀಲಿ ಇಲ್ಲಿ ಕ್ಯಾರೆನ್, ಮೋಮೊ ಇಲ್ಲಿ ರಿಕ್. ಮೊದಲರ್ಧ ಪೂರಾ ಗದ್ದಲ. ಹುಡುಗರು ವೇಶ್ಯೆಯ ಬಳಿ ಹೋಗಿ ಮೈಗೆ ಹೇನು ಹತ್ತಿಸಿಕೊಳ್ಳುತ್ತಾರೆ. ಈಜುಕೊಳದಲ್ಲಿ ಮುಳುಗಿ ಅವನ್ನು ಸಾಯಿಸಲು ನೋಡುತ್ತಾರೆ, ಆಗದೆ ಔಷಧದ ಅಂಗಡಿಗೆ ಹೋಗಿ ಹೇಳಲೂ ಆಗದೆ ಬಿಡಲೂ ಆಗದೆ ತಡವರಿಸುತ್ತಾರೆ. ನೋಡುವವರು ಬಿದ್ದು ಬಿದ್ದು ನಗುತ್ತಾರೆ.

ಆಮೇಲೆ ಕ್ಯಾರೆನ್ ಬಸಿರಾದ ಸುದ್ದಿ. ರಿಕ್ ನುಣುಚಿಕೊಳ್ಳುತ್ತಾನೆ. ಗ್ಯಾರಿ ತನ್ನ ಸ್ಟೀರಿಯೊ ಮಾರುತ್ತಾನೆ, ಕೆಲಸ ಕೊಟ್ಟ ಯಜಮಾನನ ಹತ್ತಿರ ಸಾಲ ಕೇಳುತ್ತಾನೆ. ಹಿನ್ನೆಲೆಯಲ್ಲಿ ಯು2 ತಂಡದ ಹಾಡು ಅಬ್ಬರಿಸುತ್ತಿರುತ್ತದೆ, ಮಾತು ಕಡಿಮೆ. ಗರ್ಭಪಾತ ಮುಗಿಸಿ ಹೊರಬಂದವಳ ಮುಂದೆ ಅವನು ಕಿತ್ತಳೆ ಹಣ್ಣಿನ ಚೀಲ ಹಿಡಿದು ನಿಂತಿದ್ದಾನೆ. ಕಾಯಿಲೆಯವರನ್ನು ನೋಡಲು ಹೋಗುವಾಗ ಹಣ್ಣು ತರಬೇಕು ಎಂದು ದೊಡ್ಡವರಿಂದ ಕಲಿತ ಹುಡುಗ ಇಂಥ ಹೊತ್ತಿನಲ್ಲಿ ಇನ್ನೇನು ತರಬೇಕು ಎಂದು ತಿಳಿಯದೆ ತಂದದ್ದು ಅದು. ಒಂದು ಗಂಟೆಯ ಹಿಂದೆ ಹೇನಿಗಾಗಿ ನೀರಿಗೆ ಹಾರಿದವನೇ ಇವನು.

ಅವಳ ಹದಿನೆಂಟನೆಯ ಹುಟ್ಟುಹಬ್ಬ. ಗ್ಯಾರಿಯ ಕೈಯಲ್ಲಿ ಪುಟ್ಟ ಡಬ್ಬಿ, ಅದರೊಳಗೆ ಅವಳ ಹೆಸರು ಕೆತ್ತಿಸಿದ ಚಿನ್ನದ ಲಾಕೆಟ್ಟು. ಮನೆ ತುಂಬ ಜನ. ಅವಳೆಲ್ಲಿ ಎಂದು ವಿಚಾರಿಸುತ್ತ ಅಡುಗೆಮನೆಯ ಬಾಗಿಲು ತೆರೆಯುತ್ತಾನೆ. ರಿಕ್ ಅವಳನ್ನು ಅಪ್ಪಿ ಮುತ್ತಿಡುತ್ತಿದ್ದಾನೆ. ಅವಳು ತಿರುಗಿ ನೋಡುತ್ತಾಳೆ. ಯಾರೂ ಮಾತಾಡುವುದಿಲ್ಲ. ಕ್ಯಾಮೆರಾ ಮುಖದಿಂದ ಮುಖಕ್ಕೆ ಹೋಗಿ ಬರುತ್ತದೆ. ಅವನು ಡಬ್ಬಿಯನ್ನು ಕೈಯಲ್ಲೇ ಹಿಡಿದು ಹೊರಗೆ ಬಂದು ಕಾರು ಹತ್ತುತ್ತಾನೆ. ಹಿನ್ನೆಲೆಯಲ್ಲಿ ಗಾಯಕ ಜೇಮ್ಸ್ ಇಂಗ್ರಮ್ ಹಾಡುತ್ತಿದ್ದಾನೆ, ಗ್ಯಾರಿ ಅಳುತ್ತ ಕಾರು ಓಡಿಸುತ್ತಿದ್ದಾನೆ, ಚಿತ್ರ ಮುಗಿಯಿತು. ಸಮಾಧಾನದ ಒಂದು ಮಾತಿಲ್ಲ, ಬುದ್ಧಿ ಹೇಳುವ ಅಪ್ಪ ಇಲ್ಲ, ಪಕ್ಕದ ಮನೆಯ ಒಳ್ಳೆಯ ಹುಡುಗಿಯೂ ಇಲ್ಲ. ಆ ವರ್ಷ ಪೋಲಿ ಚಿತ್ರವೆಂದು ಟಿಕೆಟ್ ಕೊಂಡು ಹೋದವರು ಪೆಚ್ಚಾಗಿ ಹೊರಬಂದಿರಬೇಕು.

ಈ ಕೊನೆ ಪರಿಣಾಮಕಾರಿ ಎಂಬುದರಲ್ಲಿ ಎರಡು ಮಾತಿಲ್ಲ. ಅದರ ನ್ಯಾಯವನ್ನು ಮಾತ್ರ ಪರೀಕ್ಷಿಸಬೇಕು. ಚಿತ್ರ ನಮ್ಮ ಕಣ್ಣೀರನ್ನೆಲ್ಲ ಗ್ಯಾರಿಗೇ ಎತ್ತಿಡುತ್ತದೆ. ಕ್ಯಾರೆನ್ ಯಾಕೆ ರಿಕ್‌ನ ಬಳಿಗೆ ಹಿಂತಿರುಗಿದಳು ಎಂಬುದಕ್ಕೆ ಒಂದು ದೃಶ್ಯವನ್ನೂ ಕೊಡುವುದಿಲ್ಲ. ಅವಳ ಹೆದರಿಕೆ, ಅವಳ ಮೈಯ ನೋವು, ಮನೆಯವರಿಗೆ ಹೇಳಲಾಗದ ಸಂಕಟ, ಇವೆಲ್ಲ ಹುಡುಗನ ತ್ಯಾಗ ಎದ್ದು ಕಾಣಲೆಂದು ಇಟ್ಟ ಹಿನ್ನೆಲೆಯಾಗುತ್ತವೆ. ಚಿತ್ರ ನೋಡಿದವರು ಅವಳನ್ನೇ ಕೃತಘ್ನೆ ಎಂದು ಬೈಯುತ್ತಾರೆ. ಉಪಕಾರ ಮಾಡಿದವನಿಗೆ ಪ್ರೇಮವನ್ನು ಮರಳಿಸಬೇಕು ಎಂಬ ಕರಾರಿಗೆ ಅವಳು ಯಾವಾಗ ಸಹಿ ಹಾಕಿದ್ದಳು? ಈ ಒಳ್ಳೆಯ ಹುಡುಗನೇ ಮೊದಲು ಅವಳ ಗಾಡಿಯ ಚಕ್ರದ ಗಾಳಿ ತೆಗೆದು, ಆಮೇಲೆ ತಾನೇ ಡ್ರಾಪ್ ಕೊಟ್ಟವನು. ಆಗ ನಾವು ನಕ್ಕಿದ್ದೆವು. ಹುಡುಗಿ ಎಂದರೆ ಗೆಲ್ಲಬೇಕಾದ ಬಹುಮಾನ ಎಂಬ ಗುಂಪಿನ ಕಾನೂನನ್ನು ಅವನೂ ಒಪ್ಪಿಕೊಂಡವನೇ. ರಿಕ್ ಅದನ್ನು ಒರಟಾಗಿ ಆಡಿದ, ಗ್ಯಾರಿ ನಯವಾಗಿ ಆಡಿದ. ಬಹುಮಾನ ಕೈಗೆ ಬಾರದಿದ್ದಾಗ ಆದ ನೋವು ನಿಜ. ಆದರೆ ಆ ಆಟದಲ್ಲಿ ಎಲ್ಲರಿಗಿಂತ ಹೆಚ್ಚು ತೆತ್ತವಳು ಕ್ಯಾರೆನ್. ಚಿತ್ರಕ್ಕೆ ಇದು ಕಾಣಿಸಲಿಲ್ಲ.

5. ಎರಡು ವಾರ ಕಳೆದು

ಅದೇ 1982ರ ಆಗಸ್ಟ್ ನಡುವಿನಲ್ಲಿ, ಅಂದರೆ ಎರಡೇ ವಾರಗಳ ಅಂತರದಲ್ಲಿ, ಇನ್ನೊಂದು ಚಿತ್ರ ಬಂತು: 'ಫಾಸ್ಟ್ ಟೈಮ್ಸ್ ಅಟ್ ರಿಜ್‌ಮಾಂಟ್ ಹೈ'. ನಿರ್ದೇಶಕಿ ಏಮಿ ಹೆಕರ್ಲಿಂಗ್, ಇದು ಅವರ ಮೊದಲ ಕಥಾಚಿತ್ರ. ಚಿತ್ರಕಥೆ ಕ್ಯಾಮರಾನ್ ಕ್ರೋ ಅವರದು. ಕ್ರೋ ಇಪ್ಪತ್ತೆರಡರ ಪ್ರಾಯದಲ್ಲಿ ಸ್ಯಾನ್ ಡಿಯಾಗೊದ ಹೈಸ್ಕೂಲೊಂದಕ್ಕೆ ವಿದ್ಯಾರ್ಥಿಯ ವೇಷದಲ್ಲಿ ಸೇರಿ, ಕಂಡದ್ದನ್ನು 1981ರಲ್ಲಿ ಪುಸ್ತಕ ಮಾಡಿದ್ದರು.

ಇಲ್ಲಿಯೂ ಪೋಲಿತನ ಧಾರಾಳ. ಇಲ್ಲಿಯೂ ಬಸಿರಾಗುವ ಹುಡುಗಿ, ಕೈಕೊಡುವ ಹುಡುಗ, ಕ್ಲಿನಿಕ್ಕು. ಘಟನೆ ಅದೇ, ಕ್ಯಾಮೆರಾ ನಿಂತ ಜಾಗ ಬೇರೆ.

ಹದಿನೈದರ ಸ್ಟೇಸಿ ತನಗೆ ಹತ್ತೊಂಬತ್ತು ಎಂದು ಸುಳ್ಳು ಹೇಳಿ ಇಪ್ಪತ್ತಾರರ ಒಬ್ಬನ ಜೊತೆ ಹೋಗುತ್ತಾಳೆ. ಬೇಸ್‌ಬಾಲ್ ಮೈದಾನದ ಅಂಚಿನ ಮಾಡಿನ ಕೆಳಗೆ ಅವಳ ಮೊದಲ ಅನುಭವ. ಅಂದಿನ ಯಾವುದೇ ಚಿತ್ರವಾಗಿದ್ದರೆ ಕ್ಯಾಮೆರಾ ಅವಳ ಮೈಯನ್ನು ನೋಡುತ್ತಿತ್ತು. ಹೆಕರ್ಲಿಂಗ್ ಅವಳ ಕಣ್ಣಿಗೆ ಕಂಡದ್ದನ್ನು ತೋರಿಸುತ್ತಾರೆ: ಮಾಡಿನ ಮೇಲೆ ಯಾರೋ ಗೀಚಿದ ಬರಹ. ಅವಳು ಅದನ್ನು ಓದುತ್ತಾಳೆ, ನಡೆಯುತ್ತಿರುವುದು ಮುಗಿಯಲಿ ಎಂದು ಕಾಯುತ್ತಾಳೆ. ನಗಬೇಕೋ ಅಳಬೇಕೋ ನೋಡುವವರಿಗೆ ಗೊತ್ತಾಗುವುದಿಲ್ಲ. ನಗೆ, ನೋವು ಎರಡೂ ಒಂದೇ ಚೌಕಟ್ಟಿನಲ್ಲಿ ಕೂತಿವೆ.

ಮುಂದೆ ಡೇಮೋನ್ ಎಂಬ ಬಾಯಿಬಡಕ. ಹುಡುಗಿಯರನ್ನು ಒಲಿಸುವುದು ಹೇಗೆ ಎಂದು ಗೆಳೆಯನಿಗೆ ಪಾಠ ಹೇಳುವವನು. ಸ್ಟೇಸಿಯ ಜೊತೆಗಿನ ಅವನ ಪರಾಕ್ರಮ ನಿಮಿಷದಲ್ಲಿ ಮುಗಿಯುತ್ತದೆ, ನಗೆ ಅವನ ಮೇಲೆ ಬೀಳುತ್ತದೆ. ಅವಳು ಬಸಿರಾದಾಗ ಅರ್ಧ ದುಡ್ಡು ಕೊಡುತ್ತೇನೆ, ಕರೆದುಕೊಂಡು ಹೋಗುತ್ತೇನೆ ಎಂದವನು ಬರುವುದೇ ಇಲ್ಲ. ಬೌಲಿಂಗ್ ಆಟಕ್ಕೆ ಹೋಗಬೇಕು ಎಂದು ಸುಳ್ಳು ಹೇಳಿ ಅವಳು ಅಣ್ಣ ಬ್ರಾಡ್‌ನ ಕಾರು ಹತ್ತುತ್ತಾಳೆ. ಅವಳು ರಸ್ತೆ ದಾಟಿ ಎದುರಿನ ಕ್ಲಿನಿಕ್ಕಿಗೆ ಹೋಗುವುದು ಅಣ್ಣನಿಗೆ ಕಾಣುತ್ತದೆ. ಹೊರಗೆ ಬಂದಾಗ ಅವನು ಅಲ್ಲೇ ಕಾಯುತ್ತಿದ್ದಾನೆ. ಕೂಗಾಟವಿಲ್ಲ, ಮನೆಯ ಮಾನದ ಭಾಷಣವಿಲ್ಲ. ಯಾರು ಅಂತ ಕೇಳುತ್ತಾನೆ, ಅವಳು ಹೇಳುವುದಿಲ್ಲ. ಹೊಟ್ಟೆ ಹಸಿದಿದೆಯಾ ಎಂದು ವಿಚಾರಿಸಿ ಊಟಕ್ಕೆ ಕರೆದೊಯ್ಯುತ್ತಾನೆ. ಇಡೀ ಚಿತ್ರದಲ್ಲಿ ನಗೆಗೀಡಾಗುತ್ತ ಬಂದವನು ಈ ಬ್ರಾಡ್. ಅವನ ದೊಡ್ಡತನ ಕಾಣಲು ಎರಡು ನಿಮಿಷ ಸಾಕಾಯಿತು.

ಕ್ಯಾರೆನ್‌ಳ ನೋವು ಗ್ಯಾರಿಯ ಕಥೆಯಾಯಿತು. ಸ್ಟೇಸಿಯ ನೋವು ಸ್ಟೇಸಿಯದೇ ಆಗಿ ಉಳಿಯಿತು. ಅವಳು ಕೆಟ್ಟುಹೋದಳು ಎಂದೂ ಚಿತ್ರ ಹೇಳುವುದಿಲ್ಲ, ದೇವತೆಯಾದಳು ಎಂದೂ ಹೇಳುವುದಿಲ್ಲ. ಅವಳು ಮತ್ತೆ ಅಂಗಡಿಯ ಕೆಲಸಕ್ಕೆ ಹೋಗುತ್ತಾಳೆ. ಕೊನೆಯಲ್ಲಿ, 'ಗ್ರಫೀಟಿ'ಯಲ್ಲಿ ಬಂದ ಹಾಗೆಯೇ, ಪರದೆಯ ಮೇಲೆ ಎಲ್ಲರ ಮುಂದಿನ ಬದುಕಿನ ಸಾಲುಗಳು ಬರುತ್ತವೆ. ಈ ಸಲ ಹುಡುಗಿಯರ ಹೆಸರೂ ಇದೆ. ಒಂಬತ್ತು ವರ್ಷಗಳಲ್ಲಿ ನಡೆದ ದಾರಿ ಎಷ್ಟು ಎಂದು ಆ ಸಾಲುಗಳೇ ಹೇಳುತ್ತವೆ.

ಬಿಡುಗಡೆಯಾದಾಗ ವಿಮರ್ಶಕ ರೋಜರ್ ಈಬರ್ಟ್ ಇದಕ್ಕೆ ಕೊಟ್ಟದ್ದು ಒಂದೇ ನಕ್ಷತ್ರ. 2005ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಈ ಚಿತ್ರ ಸೇರಿತು. ಕ್ಲಿನಿಕ್ಕಿಗೆ ಹೋಗುವುದು ಅಷ್ಟು ಸಾದಾ ಸಂಗತಿಯಾಗಿ ಕಾಣಲು ಗರ್ಭಪಾತವನ್ನು ಹಕ್ಕೆಂದ 1973ರ ಸುಪ್ರೀಂ ಕೋರ್ಟ್ ತೀರ್ಪು ಕಾರಣವಾಗಿತ್ತು. 2022ರಲ್ಲಿ ಅದೇ ಕೋರ್ಟು ಆ ತೀರ್ಪನ್ನು ರದ್ದು ಮಾಡಿದೆ. ಇಂದು ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಬ್ರಾಡ್ ತಂಗಿಗಾಗಿ ಕಾಯಲು ಆ ಕ್ಲಿನಿಕ್ಕೇ ಇರುವುದಿಲ್ಲ.

6. ಬಿಲ್ಲು ಯಾರ ಹೆಸರಿಗೆ

ಈ ಒಂದೇ ಪ್ರಶ್ನೆ ಹಿಡಿದು ಮುಂದಿನ ಚಿತ್ರಗಳನ್ನು ನೋಡಿದರೆ ಬೇಗ ದಾರಿ ಸಾಗುತ್ತದೆ.

1999ರ 'ಅಮೆರಿಕನ್ ಪೈ' ಚಿತ್ರದಲ್ಲಿ ಶಾಲೆಯ ಕೊನೆಯ ನೃತ್ಯಕೂಟದೊಳಗೆ ಬ್ರಹ್ಮಚರ್ಯ ಕಳೆದುಕೊಳ್ಳಬೇಕೆಂದು ನಾಲ್ವರು ಒಪ್ಪಂದ ಮಾಡಿಕೊಳ್ಳುತ್ತಾರೆ. ಅವರಲ್ಲೊಬ್ಬನಾದ ಜಿಮ್ ಪೇಚಿಗೆ ಸಿಕ್ಕಾಗಲೆಲ್ಲ ಅವನ ಅಪ್ಪ ಮುಜುಗರಪಡುತ್ತಲೇ ಪಕ್ಕದಲ್ಲಿ ಬಂದು ಕೂರುವುದು ಬಲು ಸೊಗಸು. ಆದರೆ ವಿನಿಮಯ ವಿದ್ಯಾರ್ಥಿನಿ ನಾದಿಯಾ ಬಟ್ಟೆ ಬದಲಾಯಿಸುವುದನ್ನು ಅವಳಿಗೆ ಗೊತ್ತಿಲ್ಲದೆ ಕ್ಯಾಮೆರಾ ಇಟ್ಟು ಊರಿಗೆಲ್ಲ ತೋರಿಸುತ್ತಾರೆ. ಸುದ್ದಿ ಹರಡಿದ ಮೇಲೆ ಅವಳನ್ನು ದೇಶಕ್ಕೆ ವಾಪಸು ಕಳಿಸಲಾಯಿತು ಎಂದು ಒಂದು ಮಾತಿನಲ್ಲಿ ತಿಳಿಸಿ ಚಿತ್ರ ಮುಂದಕ್ಕೆ ಹೋಗುತ್ತದೆ. ಜಿಮ್‌ಗೆ ಆದದ್ದು ಅವಮಾನ, ನಾದಿಯಾಗೆ ಆದದ್ದು ಗಡೀಪಾರು. ಇಂದು ಮೊಬೈಲಿನಲ್ಲಿ ಇಂಥದ್ದು ಮಾಡಿದರೆ ಅದು ಪೊಲೀಸ್ ಕೇಸು.

2007ರ 'ಸೂಪರ್‌ಬ್ಯಾಡ್' ಚಿತ್ರವನ್ನು ಬರೆದವರು ಸೇತ್ ರೋಗನ್ ಮತ್ತು ಇವಾನ್ ಗೋಲ್ಡ್‌ಬರ್ಗ್. ವ್ಯಾಂಕೂವರಿನಲ್ಲಿ ಹದಿಮೂರರ ಪ್ರಾಯದಲ್ಲೇ ಬರೆಯಲು ಕೂತ ಗೆಳೆಯರು. ಅಲ್ಲಿಯ ಹುಡುಗರಿಗೂ ಅವರದೇ ಹೆಸರು, ಸೇತ್ ಮತ್ತು ಇವಾನ್; ಬಾಯಿ ಹೊಲಸು. ಆದರೆ ಕುಡಿದು ಮೈಮೇಲೆ ಬಂದ ಹುಡುಗಿಯನ್ನು ಇವಾನ್ ಬೇಡವೆನ್ನುತ್ತಾನೆ. ಕುಡಿದ ಸೇತ್‌ನನ್ನು ಕುಡಿಯದ ಜೂಲ್ಸ್ ತಡೆಯುತ್ತಾಳೆ. ಚಿತ್ರದ ನಿಜವಾದ ವಿರಹ ಆ ಇಬ್ಬರು ಗೆಳೆಯರದು. ಬೇರೆ ಬೇರೆ ಕಾಲೇಜಿಗೆ ಹೋಗುವ ಅವರು ಮಾಲಿನ ಎಸ್ಕಲೇಟರಿನಲ್ಲಿ ದೂರವಾಗುತ್ತ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಇಲ್ಲಿ ನಗೆಯ ಬೆಲೆ ನಕ್ಕವರದೇ.

ಎಲ್ಲಕ್ಕಿಂತ ಎತ್ತರದಲ್ಲಿ ನಾನು ಇಡುವುದು ಮೆಕ್ಸಿಕೊದ ಅಲ್ಫೊನ್ಸೊ ಕ್ವಾರೊನ್ 2001ರಲ್ಲಿ ಮಾಡಿದ 'ಇ ತು ಮಾಮಾ ತಂಬಿಯೆನ್'. ಶ್ರೀಮಂತರ ಮನೆಯ ಟೆನೋಚ್, ಕೆಳ ಮಧ್ಯಮ ವರ್ಗದ ಜೂಲಿಯೊ. ಇಬ್ಬರಿಗೂ ತಮ್ಮದೇ ಗೆಳೆತನದ ಸಂವಿಧಾನವಿದೆ, ಅದರ ಒಂದೊಂದೇ ಕಲಮನ್ನು ಮುರಿಯುತ್ತ ಹೋಗುತ್ತಾರೆ. ಲೂಯಿಸಾ ಎಂಬ ವಯಸ್ಸಿನಲ್ಲಿ ಹಿರಿಯಳಾದ ಹೆಂಗಸಿನೊಡನೆ ಸಮುದ್ರ ಹುಡುಕಿಕೊಂಡು ಕಾರಿನಲ್ಲಿ ಹೊರಡುತ್ತಾರೆ. ಅವರ ಅಶ್ಲೀಲ ಮಾತುಗಳ ನಡುವೆ ಇದ್ದಕ್ಕಿದ್ದಂತೆ ಸದ್ದು ಅಡಗಿ, ನಿರೂಪಕ ಬೇರೇನೋ ಹೇಳುತ್ತಾನೆ: ಪಾದಚಾರಿ ಸೇತುವೆ ದೂರವಿದೆಯೆಂದು ರಸ್ತೆ ದಾಟಲು ಹೋಗಿ ಬಸ್ಸಿಗೆ ಸಿಕ್ಕ ಗಾರೆ ಕೆಲಸದವನ ಸುದ್ದಿಯಂಥದ್ದು. ಹುಡುಗರ ನಗೆಯ ಕಿಟಕಿಯಾಚೆ ಒಂದು ದೇಶವೇ ಇದೆ. ಲೂಯಿಸಾಗೆ ಕ್ಯಾನ್ಸರ್ ಇತ್ತು ಎಂಬುದು ಅವರಿಗೆ ತಿಳಿಯುವುದು ಅವಳು ಸತ್ತ ಮೇಲೆ. ಕೊನೆಯಲ್ಲಿ ಗೆಳೆಯರು ಒಂದು ಕಾಫಿ ಅಂಗಡಿಯಲ್ಲಿ ಕೂರುತ್ತಾರೆ, ಮಾತು ಹುಟ್ಟುವುದಿಲ್ಲ, ಟೆನೋಚ್ ಎದ್ದು ಹೋಗುತ್ತಾನೆ. ಇನ್ನು ಅವರು ಎಂದೂ ಭೇಟಿಯಾಗುವುದಿಲ್ಲ ಎಂದು ನಿರೂಪಕ ತಿಳಿಸುತ್ತಾನೆ. ಜೂಲಿಯೊ ಬಿಲ್ಲು ತರಲು ಹೇಳುತ್ತಾನೆ. ಚಿತ್ರದ ಕೊನೆಯ ಮಾತು ಅದು.

ಈಚೆಗೆ ಬ್ರಿಟನ್ನಿನ 'ಸೆಕ್ಸ್ ಎಜುಕೇಶನ್' ಸರಣಿ 2019ರಿಂದ 2023ರವರೆಗೆ ನಡೆಯಿತು. ಅದರ ಮೊದಲ ಕಂತುಗಳಲ್ಲೊಂದರಲ್ಲಿ ಮೇವ್ ಎಂಬ ಹುಡುಗಿ ಗರ್ಭಪಾತಕ್ಕೆ ಹೋಗುತ್ತಾಳೆ. ಯಾಕೆ ಕರೆದಳೆಂದು ಗೊತ್ತಿಲ್ಲದ ಓಟಿಸ್ ಹೂಗುಚ್ಛ ಹಿಡಿದು ಕ್ಲಿನಿಕ್ಕಿನ ಮುಂದೆ ನಿಲ್ಲುತ್ತಾನೆ. ಗ್ಯಾರಿಯ ಕಿತ್ತಳೆಗೂ ಓಟಿಸನ ಹೂವಿಗೂ ಮುಗ್ಧತೆಯಲ್ಲಿ ವ್ಯತ್ಯಾಸವಿಲ್ಲ. ಆದರೆ ಈ ಸಲ ಕ್ಯಾಮೆರಾ ಮೇವ್‌ಳ ಜೊತೆ ಒಳಗೆ ಹೋಗುತ್ತದೆ, ಪಕ್ಕದ ಮಂಚದ ಹೆಂಗಸಿನೊಡನೆ ಅವಳಾಡುವ ಮಾತು ಕೇಳಿಸಿಕೊಳ್ಳುತ್ತದೆ. ಅಲ್ಲಿಯೂ ನಗೆಯಿದೆ, ಅದು ಆ ಇಬ್ಬರು ಹೆಂಗಸರ ನಗೆ.

7. ನಮ್ಮ ಪಾಲು

ನಮ್ಮ ಕನ್ನಡ ಚಿತ್ರರಂಗಕ್ಕೆ ಈ ಪರಂಪರೆಯ ನಂಟು ಇಲ್ಲದಿಲ್ಲ. 1987ರ 'ಪ್ರೇಮಲೋಕ'ಕ್ಕೆ ಸ್ಫೂರ್ತಿ 1982ರ ಅಮೆರಿಕನ್ ಚಿತ್ರ 'ಗ್ರೀಸ್ 2'. ಕಾಲೇಜು, ಬೈಕು, ಹಾಡು ಎಲ್ಲ ಬಂದವು. ಹರೆಯದ ತಬ್ಬಿಬ್ಬು ಮಾತ್ರ ನಾಯಕನಿಗೆ ತಟ್ಟಲಿಲ್ಲ. ನಮ್ಮಲ್ಲಿ ನಗಿಸುವವರು ಬೇರೆ, ಅಳುವವರು ಬೇರೆ. ಹಾಸ್ಯಕ್ಕೆಂದೇ ನಟರು, ಅವರಿಗೆಂದೇ ದೃಶ್ಯಗಳು. ಪೋಲಿ ಮಾತೆಲ್ಲ ಅವರ ಪಾಲು, ನಾಯಕ ಶುದ್ಧ. ನಾಯಕನೇ ನಗೆಗೀಡಾಗಿ ಆಮೇಲೆ ನಮ್ಮನ್ನು ಅಳಿಸುವ ಧೈರ್ಯ ಅಪರೂಪ.

ಎರಡನೆಯ ಮಾತು ನೋವಿನ ಮೂಲದ್ದು. ನಮ್ಮ ಹರೆಯದ ಚಿತ್ರಗಳಲ್ಲಿ ಪ್ರೇಮ ಮುರಿಯುವುದು ಹೊರಗಿನ ಕೈಗಳಿಂದ. 'ಚೆಲುವಿನ ಚಿತ್ತಾರ'ದಲ್ಲಿ ಹುಡುಗಿಯ ಮನೆಯವರು ಮುರಿಯುತ್ತಾರೆ. 'ಕಿರಿಕ್ ಪಾರ್ಟಿ'ಯಲ್ಲಿ ಸಾವು ಮುರಿಯುತ್ತದೆ. ಜಾತಿ ಮತ್ತು ಕುಟುಂಬದ ಹಿಂಸೆ ನಮ್ಮ ನೆಲದ ಸತ್ಯ, ಅದನ್ನು ತೋರಿಸಲೇಬೇಕು. ಆದರೆ ಹುಡುಗಿ ತನ್ನ ಬುದ್ಧಿಯಿಂದಲೇ ಯೋಚಿಸಿ ಬೇಡವೆಂದಳು, ಹುಡುಗ ಅದನ್ನು ಒಪ್ಪಿಕೊಂಡು ಅತ್ತು ಮನೆಗೆ ಹೋದ ಎಂಬ ಸಾದಾ ನೋವು ನಮ್ಮ ಪರದೆಗೆ ಬರುವುದು ಕಡಿಮೆ. ಬೇಡ ಎಂದವಳ ಹಿಂದೆ ಬಿದ್ದು ಒಲಿಸುವುದೇ ಪ್ರೇಮ ಎಂದು ಮೂರು ತಲೆಮಾರಿನ ನಾಯಕರು ಕಲಿಸಿದ್ದಾರೆ.

ಹಾಗಂತ ಪೋಲಿ ನಗೆ ಮತ್ತು ನೋವಿನ ಈ ಬೆರಕೆ ನಮ್ಮ ಜಾಯಮಾನಕ್ಕೆ ಒಗ್ಗದು ಎನ್ನುವಂತಿಲ್ಲ. ಉತ್ತರ ಕರ್ನಾಟಕದ ಹೋಳಿ ನೋಡಿದವರಿಗೆ ಗೊತ್ತು: ಹುಡುಗರು ಊರೆಲ್ಲ ತಿರುಗಿ ಕಟ್ಟಿಗೆ, ಕುಳ್ಳು ಕದಿಯುತ್ತಾರೆ, ಹಲಗೆ ಬಡಿಯುತ್ತಾರೆ, ಬಾಯಿಗೆ ಬಂದ ಪೋಲಿ ಮಾತು ಕೂಗುತ್ತಾರೆ. ಅದೇ ಹುಡುಗರು ಕಾಮಣ್ಣ ಸುಟ್ಟಾಗ ಲಬೋ ಲಬೋ ಎಂದು ಬಾಯಿ ಬಡಿದುಕೊಂಡು ಅಳುವ ಆಟವಾಡುತ್ತಾರೆ. ಪೋಲಿ ಕೂಗಿದ ಬಾಯಿಯೇ ಗೋಳಿಡುತ್ತದೆ. ಊರಿನ ಹಿರಿಯರು ಅದಕ್ಕೆ ವರ್ಷಕ್ಕೊಮ್ಮೆ ಜಾಗ ಬಿಟ್ಟುಕೊಟ್ಟಿದ್ದರು. ಆ ಕೂಗಿನ ಗುರಿಯಾದ ಹೆಣ್ಣುಮಕ್ಕಳು ಬಾಗಿಲು ಹಾಕಿಕೊಂಡು ಒಳಗಿದ್ದರು ಎಂಬುದನ್ನೂ ಸೇರಿಸಿಯೇ ಇದನ್ನು ಹೇಳಬೇಕು.

8. ಕೊನೆಯದಾಗಿ

ಪೋಲಿ ಹಾಸ್ಯ ಮಕ್ಕಳನ್ನು ಕೆಡಿಸುತ್ತದೆ ಎಂಬ ದೂರು ಹಳೆಯದು. ನನ್ನ ತೀರ್ಮಾನ ಬೇರೆ. ಮೈಯ ಬಗ್ಗೆ ನಾಚಿಕೆ, ಆತಂಕ, ಅಜ್ಞಾನ ತುಂಬಿದ ವಯಸ್ಸಿಗೆ ನಗೆಯಷ್ಟು ಹಗುರ ಮಾಡುವ ಸಾಧನ ಇನ್ನೊಂದಿಲ್ಲ. ತನಗೊಬ್ಬನಿಗೇ ಹೀಗೆ ಎಂದು ಕೊರಗುವ ಹುಡುಗನಿಗೂ ಹುಡುಗಿಗೂ ಎಲ್ಲರಿಗೂ ಹೀಗೆಯೇ ಎಂದು ಹೇಳುವ ಚಿತ್ರ ಉಪಕಾರವನ್ನೇ ಮಾಡುತ್ತದೆ. ಕೆಡಿಸುವುದು ಪೋಲಿತನವಲ್ಲ, ಬೆಲೆಯನ್ನು ಮುಚ್ಚಿಡುವ ಪೋಲಿತನ. ನಾದಿಯಾಳನ್ನು ಒಂದೇ ಮಾತಿನಲ್ಲಿ ವಿಮಾನ ಹತ್ತಿಸಿಬಿಡುವ ನಗೆ ಅಗ್ಗದ್ದು. ಸ್ಟೇಸಿಯ ಜೊತೆ ಕ್ಲಿನಿಕ್ಕಿನ ಬಾಗಿಲವರೆಗೂ ನಡೆದು ಬರುವ ನಗೆ ಬಾಳುತ್ತದೆ.

ಕೇಂದ್ರ ಸರ್ಕಾರ 2024ರಲ್ಲಿ ಹೊಸ ಪ್ರಮಾಣಪತ್ರ ನಿಯಮಗಳನ್ನು ತಂದು, ಯು/ಎ ದರ್ಜೆಯನ್ನು ಏಳು, ಹದಿಮೂರು, ಹದಿನಾರು ವಯಸ್ಸುಗಳಿಗೆ ತಕ್ಕಂತೆ ವಿಂಗಡಿಸಿದೆ. ಹದಿನಾರು ದಾಟಿದವರಿಗೆ ಎಂದು ಒಂದು ಬಾಗಿಲು ಕಾಗದದ ಮೇಲಾದರೂ ತೆರೆದಿದೆ. ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ನಾಳೆ ಚಿತ್ರಕಥೆ ಬರೆಯುವವರು ಇರಬಹುದು. ಅವರಿಗೆ ನನ್ನ ಮನವಿ ಇದು: ನಿಮ್ಮ ಹಾಸ್ಟೆಲ್ಲಿನ, ನಿಮ್ಮ ಪಿಯುಸಿಯ, ನಿಮ್ಮ ಊರಿನ ಬಸ್‌ಸ್ಟ್ಯಾಂಡಿನ ಪೋಲಿ ಕಥೆಗಳನ್ನು ನಾಚದೆ ಬರೆಯಿರಿ. ನಗಿಸಿ, ಹೊಟ್ಟೆ ತುಂಬ ನಗಿಸಿ. ಆದರೆ ಆ ಕಥೆಯಲ್ಲಿ ಬರುವ ಹುಡುಗಿಗೂ ಒಂದು ಹೆಸರು, ಒಂದು ಮನಸ್ಸು, ಬೇಡ ಎನ್ನುವ ಒಂದು ಹಕ್ಕು ಕೊಡಿ. ಅವಳ ಪಾಲಿನ ದೃಶ್ಯಗಳನ್ನು ಬರೆದು ಮುಗಿಸುವವರೆಗೆ ಚಿತ್ರಕಥೆ ಮುಗಿಯಿತು ಎಂದು ತಿಳಿಯಬೇಡಿ.